ಒಂದು ಜೋಡಿಗೆ ಒಂದು ಪುಟ

ಯಾವ ವಸ್ತುವಾದರೂ ತನ್ನ ಜಾಗ ಬಿಟ್ಟು ಬೇರೆ ಕಡೆ ಕೂತಿರುವುದನ್ನು ಕಂಡರೆ ನನಗೆ ತಡೆಯುವುದಿಲ್ಲ. ಇದು ಗುಣವೋ ರೋಗವೋ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಎರಡು ಅಭಿಪ್ರಾಯವಿಲ್ಲ; ರೋಗವೆಂದು ಎಲ್ಲರೂ ಒಪ್ಪಿಕೊಂಡಿದ್ದಾರೆ. ಪೀಣ್ಯದ ಒಂದು ಮೋಟಾರು ಕಾರ್ಖಾನೆಯ ಸ್ಟೋರ್ಸಿನಲ್ಲಿ ನಿವೃತ್ತಿಯಾಗುವವರೆಗೆ ದುಡಿದವಳು ನಾನು. ಅಲ್ಲಿ ಒಂದು ವಾಷರಿಗೂ ತನ್ನದೇ ಗೂಡು, ಗೂಡಿಗೊಂದು ಚೀಟಿ. ಸೈರನ್ ಆದಮೇಲೆ ಸಾಮಾನು ಕೇಳಲು ಬಂದವನು ಇಂಜಿನಿಯರನಾದರೂ ನನ್ನ ಕಿಟಕಿ ತೆರೆಯುತ್ತಿರಲಿಲ್ಲ. ಈ ಶಿಸ್ತು ಮನೆಯಲ್ಲೂ ಸಡಿಲವಾಗಲಿಲ್ಲ. ಒಮ್ಮೆ ನನ್ನನ್ನು ನೋಡಲು ಬಂದ ಗಂಡು ಹೇಳಿದ ಹೊತ್ತಿಗಿಂತ ಬಹಳ ತಡವಾಗಿ ಬಂದ. ಉಪ್ಪಿಟ್ಟಿನ ತಟ್ಟೆ ಮುಂದಿಡುತ್ತ "ಯಾಕೆ ತಡವಾಯ್ತು?" ಎಂದು ಕೇಳಿದೆ. ಅವನು ಉಪ್ಪಿಟ್ಟು ಪೂರ್ತಿ ತಿಂದ, ಕೈತೊಳೆದ, ಊರು ಸೇರಿದ. ಉತ್ತರ ಇನ್ನೂ ಬಂದಿಲ್ಲ. ಆಮೇಲೆ ಅಪ್ಪ ತೀರಿಕೊಂಡರು, ತಮ್ಮನ ಓದು ಬಂತು, ಅವನ ಮದುವೆ ಬಂತು. ನನ್ನನ್ನು ನೋಡಲು ಬರುವವರು ಬರುವುದನ್ನು ನಿಲ್ಲಿಸಿದರು. ಮೆಟ್ರೊದವರು ಪೀಣ್ಯದಲ್ಲಿ ಕಂಬ ನಿಲ್ಲಿಸುತ್ತಿದ್ದ ಕಾಲಕ್ಕೆ ನನ್ನ ಕೆಲಸವೂ ಮುಗಿದು, ಬ್ರೂಕ್‌ಫೀಲ್ಡಿನ ತಮ್ಮನ ಫ್ಲಾಟಿಗೆ ಬಂದೆ. ಈಗ ಅಡುಗೆಮನೆಯ ಡಬ್ಬಿಗಳಿಗೆ ಚೀಟಿ ಅಂಟಿಸುತ್ತೇನೆ. ತಮ್ಮನ ಹೆಂಡತಿ ನಾಗರತ್ನ ಮಧ್ಯಾಹ್ನ ನಾನು ಮಲಗಿದಾಗ ಕಿತ್ತುಹಾಕುತ್ತಾಳೆ. ಹೀಗೆ ಸುಖವಾಗಿದ್ದೇವೆ.

ಈ ಸುಖಕ್ಕೆ ಕಲ್ಲು ಹಾಕಿದವಳು ತಮ್ಮನ ಮಗಳು ಸ್ಮಿತಾ. ತಮ್ಮ ಶಿವಣ್ಣನಿಗೆ ಅರವತ್ತು ತುಂಬುವುದರಲ್ಲಿತ್ತು. ಆ ಸಮಾರಂಭದಲ್ಲಿ ಬಂದವರೆಲ್ಲ ನೋಡುವಂತೆ ಮನೆತನದ ಹಳೆಯ ಫೋಟೊಗಳನ್ನೆಲ್ಲ ಅಂಟಿಸಿ ಒಂದು ಸ್ಕ್ರ್ಯಾಪ್‌ಬುಕ್ ಮಾಡಬೇಕೆಂದು ಅವಳ ಆಸೆ. ಯಾವುದೋ ಮಾಲಿನಲ್ಲಿ ಅದನ್ನು ಕಲಿಸುವ ತರಗತಿಗೂ ಹೋಗಿಬಂದಳು. ಬರುವಾಗ ಬಣ್ಣದ ಹಾಳೆ, ಮಿನುಗುವ ಅಂಟು, ಕಾಗದದ ಚಿಟ್ಟೆಗಳು, ಜೊತೆಗೆ ಅಂಕುಡೊಂಕಾಗಿ ಕತ್ತರಿಸುವ ಒಂದು ಕತ್ತರಿ ತಂದಿದ್ದಳು. ನೇರವಾಗಿ ಕತ್ತರಿಸಲು ಬಾರದವರಿಗೆಂದೇ ಒಬ್ಬ ಪುಣ್ಯಾತ್ಮ ಕತ್ತರಿ ಕಂಡುಹಿಡಿದಿದ್ದಾನೆಂದು ನನಗೆ ಅಂದೇ ಗೊತ್ತಾದದ್ದು. ಸ್ಮಿತಾ ಮೊದಲ ಹಾಳೆಯಲ್ಲಿ ನಮ್ಮ ಅಜ್ಜನ ಫೋಟೊವನ್ನು ಸೊಟ್ಟಗೆ ಅಂಟಿಸಿ, ರುಮಾಲಿನ ಮೇಲೆ ಒಂದು ಚಿಟ್ಟೆ ಕೂರಿಸಿದಳು. ನಾನು ನೋಡುತ್ತ ನಿಂತಿದ್ದೆ.

"ಇದೇನೇ, ಅಜ್ಜ ಬೀಳೋ ಹಾಗಿದ್ದಾರೆ?"

"ಅತ್ತೆ, ಅದು ಸ್ಟೈಲು. ಹಾಗೇ ಇರ್ಬೇಕು."

"ಬದುಕಿದ್ದಾಗ ಒಂದು ದಿನವೂ ಓರೆಯಾಗಿ ಕೂತವರಲ್ಲ ಅವರು."

"ಹಾಗಾದ್ರೆ ನೀವೇ ಮಾಡಿ ಅತ್ತೆ. ನಂಗೆ ಆಫೀಸಲ್ಲಿ ಸಾಫ್ಟ್‌ವೇರ್ ರಿಲೀಸ್ ಬೇರೆ ಇದೆ" ಎಂದು ಅವಳು ಕತ್ತರಿ ಕೆಳಗಿಟ್ಟಳು. ನಾನು ಎತ್ತಿಕೊಂಡೆ. ಆ ಕತ್ತರಿಯನ್ನಲ್ಲ, ನನ್ನ ಸ್ವಂತದ್ದನ್ನು.

ಎತ್ತಿಕೊಂಡ ಮೇಲೆ ನಿಯಮಗಳಿಲ್ಲದೆ ಆಗುತ್ತದೆಯೇ? ಫೋಟೊಗಳೆಲ್ಲ ಒಂದೇ ಅಳತೆಗಿರಬೇಕು. ಹೆಚ್ಚಿನ ಅಂಚು ಕತ್ತರಿಸಬೇಕು. ಕೆಳಗೆ ಕಪ್ಪು ಶಾಯಿಯಲ್ಲಿ ಹೆಸರು, ಊರು. ಹೆಚ್ಚಿಲ್ಲ ಕಡಿಮೆಯಿಲ್ಲ, ಒಂದು ಜೋಡಿಗೆ ಒಂದು ಪುಟ. ಶಿವಣ್ಣ ತನಗೆ ಎರಡು ಪುಟ ಬೇಕೆಂದ. ಸಮಾರಂಭ ತನ್ನದಲ್ಲವೇ ಎಂಬುದು ಅವನ ವಾದ. ಅದರ ಜೊತೆಗೆ, ಮೊದಲ ಸಂಬಳದಲ್ಲಿ ಕೊಂಡ ಸ್ಕೂಟರಿನ ಮೇಲೆ ಕಾಲು ಇಳಿಬಿಟ್ಟು ಕೂತ ಫೋಟೊ ಒಂದಿತ್ತು. ಅದನ್ನು ಜಗತ್ತು ನೋಡಲೇಬೇಕಿತ್ತಂತೆ. "ನಿಯಮ ಅಂದ್ರೆ ನಿಯಮ ಶಿವಣ್ಣ, ನಿನಗೊಂದು ಚಿಕ್ಕಪ್ಪನಿಗೊಂದು ಮಾಡೋಕಾಗಲ್ಲ" ಎಂದೆ. ಅವನು ಮುಖ ಸಣ್ಣದು ಮಾಡಿಕೊಂಡು ಹೋದ. ನನಗೆ ಒಳಗೊಳಗೇ ಖುಷಿಯಾಯಿತು. ಕಿಟಕಿ ಮುಚ್ಚುವ ಅಧಿಕಾರ ಬಹಳ ದಿನಗಳ ಮೇಲೆ ಮತ್ತೆ ಕೈಗೆ ಬಂದಿತ್ತು.

ಅಜ್ಜನಿಂದ ಹಿಂದಕ್ಕೆ ಯಾರಿದ್ದರೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊದಲ ಪುಟಕ್ಕೆ ವಂಶವೃಕ್ಷವಿಲ್ಲದ ಪುಸ್ತಕ ಅರ್ಧಂಬರ್ಧವಲ್ಲವೇ? ನಮ್ಮ ಹರಿಹರದ ಕಡೆ ಹೆಳವರೆಂದು ಇದ್ದಾರೆ. ಮನೆತನಗಳ ಹೆಸರುಗಳನ್ನು ತಲೆತಲಾಂತರದಿಂದ ಇಟ್ಟುಕೊಂಡು, ಮನೆಮನೆಗೆ ಬಂದು ಹೇಳುವುದೇ ಅವರ ಕಸುಬು. ನಾನು ಚಿಕ್ಕವಳಿದ್ದಾಗ ಎತ್ತಿನ ಮೇಲೆ ಕೂತು ಬರುತ್ತಿದ್ದರು, ಅಮ್ಮ ಮೊರದಲ್ಲಿ ಜೋಳ ತಂದು ಕೊಡುತ್ತಿದ್ದಳು. ಊರಿನ ನೆಂಟರಿಗೆ ಫೋನ್ ಮಾಡಿ, ನಮ್ಮ ಮನೆತನದ ಹೆಳವರನ್ನು ಹುಡುಕಿಸಿ, ಬಸ್ಸಿಗೆ ಹತ್ತಿಸಲು ಹೇಳಿದೆ. ಅಂದರೆ ಕರೆಸಿದವಳು ನಾನೇ. ಇದನ್ನು ಓದುಗರು ನೆನಪಿಡಬೇಕು.

ಭಾನುವಾರ ಗೇಟಿನಿಂದ ಫೋನು ಬಂತು. "ಮೇಡಂ, ಯಾರೋ ರುಮಾಲು ಸುತ್ಕೊಂಡು ಬಂದವ್ರೆ. ಕೊರಿಯರ್ ಅಲ್ವಂತೆ, ಪ್ಲಂಬರ್ರೂ ಅಲ್ವಂತೆ. ಯಾಕೆ ಬಂದಿದ್ದೀರಾ ಅಂದ್ರೆ ನಿಮ್ಮ ವಂಶ ಹೇಳಕ್ಕೆ ಅಂತಾರೆ. ಬಿಡ್ಲಾ?"

ಬಿಡಲು ಹೇಳಿದೆ. ಹೆಳವರಯ್ಯ ಬಂದು ಸೋಫಾ ಬೇಡವೆಂದು ನೆಲದ ಮೇಲೆ ಕೂತ. ನಾಗರತ್ನ ಕೊಟ್ಟ ನೀರು ಕುಡಿದು, ಕಣ್ಣುಮುಚ್ಚಿ, ರಾಗ ಎಳೆದು ಶುರುಮಾಡಿದ. ಯಾರೋ ಬಸಪ್ಪ, ಅವನ ಮಗ ಇನ್ನೊಬ್ಬ ಬಸಪ್ಪ, ಅವನು ಹೊಳೆಯಾಚೆಯಿಂದ ಎಮ್ಮೆ ಹೊಡಕೊಂಡು ಬಂದದ್ದು, ಅವನ ಮಕ್ಕಳು ಹೊಲ ಪಾಲು ಮಾಡಿಕೊಂಡದ್ದು. ನಾನು ಸರಸರ ಬರೆದುಕೊಂಡೆ. ಅಜ್ಜ ಬಂದರು, ಅಪ್ಪ ಬಂದರು. "ಅವರ ಉದರದಾಗ ಶಿವಣ್ಣ" ಎಂದು ಹೆಳವರಯ್ಯ ಕಣ್ಣು ತೆರೆದು ತಮ್ಮನಿಗೆ ಕೈಮುಗಿದ.

"ಶಿವಣ್ಣನಿಗಿಂತ ಮೊದಲು ನಾನು ಹುಟ್ಟಿದ್ದು" ಎಂದೆ. ಸ್ಟೋರ್ಸಿನ ಅಭ್ಯಾಸ, ಮೊದಲು ಬಂದದ್ದು ಮೊದಲು ದಾಖಲಾಗಬೇಕು.

"ಹೌದ್ರೀ ಅವ್ವಾರ. ಆದ್ರ ಹೆಣ್ಮಕ್ಳು ಕೊಟ್ಟ ಮನ್ಯಾಗ ಬರ್ತಾರ್ರಿ, ಆ ಮನಿ ಹೆಳವ ನಿಮ್ಮ ಹೆಸರು ಹೇಳ್ತಾನ. ನಿಮ್ಮನ್ನ ಯಾವೂರಿಗೆ ಕೊಟ್ಟಾರ್ರೀ?"

"ಪೀಣ್ಯಕ್ಕೆ."

"ಯಾರ ಮನಿಗ್ರೀ?"

"ಮೋಟಾರು ಕಾರ್ಖಾನೆಗೆ."

ಶಿವಣ್ಣ ಜೋರಾಗಿ ನಕ್ಕ. ಹೆಳವರಯ್ಯ ನಗಲಿಲ್ಲ; ಪಾಪ, ಆ ಮನೆಗೂ ಹೆಳವರಿದ್ದಾರೋ ಇಲ್ಲವೋ ಎಂದು ಯೋಚಿಸುತ್ತಿದ್ದನೆಂದು ಕಾಣುತ್ತದೆ. ನಿಶ್ಚಿತಾರ್ಥವಾಗಿದ್ದ ಸ್ಮಿತಾ ತನ್ನ ಹೆಸರು ಧಾರವಾಡದ ಕಡೆಯವರ ಪಟ್ಟಿಗೆ ಸೇರುತ್ತದೆಂದು ತಿಳಿದು, ಅದನ್ನು ಆಗಲೇ ಮೊಬೈಲಿನಲ್ಲಿ ಹುಡುಗನಿಗೆ ಹೇಳುತ್ತಿದ್ದಳು. ಹೆಳವರಯ್ಯನಿಗೆ ಊಟ ಹಾಕಿ, ಪಂಚೆ ಶಲ್ಯ ಕೊಟ್ಟು ಕಳಿಸಿದೆವು. ವಂಶವೃಕ್ಷವನ್ನು ಸ್ಕೇಲಿಟ್ಟು ನಾನೇ ಬರೆದೆ. ನನ್ನ ಹೆಸರು ಬರೆಯುವುದಾದರೂ ಎಲ್ಲಿ? ಅಪ್ಪನಿಂದ ಇಳಿದ ಗೆರೆ ನೇರವಾಗಿ ಶಿವಣ್ಣನ ಮೇಲೆ ನಿಂತಿತ್ತು. ಬಹಳ ನೇರವಾದ ಗೆರೆ.

ಹೋಗಲಿ, ವೃಕ್ಷದಲ್ಲಿಲ್ಲದಿದ್ದರೇನು, ಫೋಟೊಗಳಲ್ಲಿದ್ದೇನಲ್ಲ ಎಂದು ಸಮಾಧಾನಕ್ಕೆ ಪುಟ ತಿರುವಿದೆ. ಹಿರಿಯ ಅಕ್ಕಂದಿರು ಗುಂಪಿನ ಫೋಟೊದಲ್ಲಿ ಎಲ್ಲಿ ನಿಲ್ಲುತ್ತಾರೆಂದು ಬಲ್ಲವರು ಬಲ್ಲರು. ಮಕ್ಕಳನ್ನು ಸಾಲಿಗೆ ತಂದು, ಸೆರಗು ಸರಿಮಾಡಿ, ಎಲ್ಲರೂ ನಿಂತಮೇಲೆ ಕೊನೆಯಲ್ಲಿ ಓಡಿಹೋಗಿ ಅಂಚಿನಲ್ಲಿ ನಿಲ್ಲುತ್ತಾರೆ. ಅಂಚನ್ನೆಲ್ಲ ನಾನು ಅಳತೆಗೆ ಸರಿಯಾಗಿ ಕತ್ತರಿಸಿದ್ದೆ. ಕತ್ತರಿಸುವಾಗ ಕಣ್ಣಿದ್ದದ್ದು ಸ್ಕೇಲಿನ ಮೇಲೆ, ಮುಖದ ಮೇಲಲ್ಲ. ಕಸದ ಡಬ್ಬಿ ಆಗಲೇ ಖಾಲಿಯಾಗಿತ್ತು. ಶಿವಣ್ಣನ ಕಾಲೇಜಿನ ಫೋಟೊದಲ್ಲಿ ಅವನ ಭುಜದ ಮೇಲೆ ನಾಲ್ಕು ಬೆರಳು ಉಳಿದಿದ್ದವು. ನಾಗರತ್ನ ಬಗ್ಗಿ ನೋಡಿ, "ಇದ್ಯಾರ ಕೈ ಅಕ್ಕಾ, ದೆವ್ವದ್ದಿದ್ದ ಹಾಗಿದೆ?" ಎಂದಳು.

ಪುಸ್ತಕದ ಕೊನೆಯಲ್ಲಿ ಒಂದು ಹಾಳೆ ಖಾಲಿಯಿತ್ತು. ಅದು ಖಾಲಿಯಿರುವುದು ನನಗೆ ಗೊತ್ತಿತ್ತು. ಯಾರಾದರೂ ಕೇಳಲಿ ಎಂದು ಕಾದಿದ್ದೆ. ಯಾರೂ ಕೇಳದಿದ್ದಾಗ, ಊಟಕ್ಕೆ ಕೂತಾಗ ನಾನೇ ಸಾರು ಬಡಿಸಿಕೊಳ್ಳುತ್ತ, "ಕೊನೇಲಿ ಒಂದು ಪುಟ ಉಳಿದಿದೆ" ಎಂದೆ.

"ಅತ್ತೆದು ಹಾಕೋಣ ಪಪ್ಪಾ" ಎಂದಳು ಸ್ಮಿತಾ. ಆ ಹುಡುಗಿಗೆ ನೇರವಾಗಿ ಕತ್ತರಿಸಲು ಬಾರದಿದ್ದರೇನಾಯಿತು, ದೇವರು ಅವಳನ್ನು ಚೆನ್ನಾಗಿಟ್ಟಿರಲಿ.

ಶಿವಣ್ಣ ರೊಟ್ಟಿ ಮುರಿಯುತ್ತ, "ಹಾಕ್ಬಹುದಿತ್ತು, ಆದ್ರೆ ಅಕ್ಕಂದೇ ರೂಲ್ ಅಲ್ವಾ, ಒಂದು ಜೋಡಿಗೆ ಒಂದು ಪುಟ? ನಂಗೇ ಎರಡನೇದು ಕೊಡಲಿಲ್ಲ ನೋಡು" ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದರೆ ನಾಲ್ಕು ಬೈದು ಪುಟ ಕಸಿದುಕೊಳ್ಳಬಹುದಿತ್ತು. ಅಷ್ಟರಲ್ಲಿ ನಾಗರತ್ನ ನನ್ನ ತಟ್ಟೆಗೆ ತುಪ್ಪ ಹಾಕುತ್ತ, "ಅಕ್ಕ ಅಂಥದ್ದೆಲ್ಲ ಬಯಸೋರಲ್ಲ ಕಣ್ರೀ" ಎಂದು ನನ್ನನ್ನು ಹೊಗಳಿಬಿಟ್ಟಳು.

ಹೊಗಳಿಕೆಯನ್ನು ಅಲ್ಲಗಳೆಯುವುದು ಹೇಗೆ? ಬಯಸುತ್ತೇನೆ, ಬಹಳ ಬಯಸುತ್ತೇನೆ ಎಂದು ತುಪ್ಪದನ್ನ ಕಲಸುತ್ತ ಹೇಳುವುದು ಹೇಗೆ? "ನಂಗ್ಯಾಕೆ ಬಿಡು" ಎಂದೆ. ಮೂವರೂ ನಂಬಿದರು. ಕೊನೆಯ ಪುಟಕ್ಕೆ ಸ್ಕೂಟರ್ ಬಂತು. ಅದಕ್ಕೂ ಕಪ್ಪು ಶಾಯಿಯಲ್ಲಿ ಹೆಸರು, ಊರು ಬರೆದವಳು ನಾನೇ.

ಸಮಾರಂಭದ ದಿನ ಹಾಲಿನ ಬಾಗಿಲಲ್ಲೇ ಮೇಜಿನ ಮೇಲೆ ಪುಸ್ತಕ ಇಟ್ಟಿದ್ದರು. ಜನ ಎಂಜಲು ಕೈಯಲ್ಲಿ ಪುಟ ತಿರುವುವುದನ್ನು ನೋಡಲಾರದೆ ಅದರ ಪಕ್ಕದಲ್ಲೇ ನಿಂತೆ. "ಕೈ ಒರೆಸ್ಕೊಳಿ", "ಅಂಚು ಹಿಡೀರಿ, ಮಧ್ಯೆ ಮುಟ್ಬೇಡಿ" ಎನ್ನುತ್ತಿದ್ದೆ. ಸ್ಮಿತಾಳ ಹುಡುಗನ ಕಡೆಯ ಹೆಂಗಸೊಬ್ಬರು ಕೈಯಲ್ಲಿ ಜಿಲೇಬಿ ಹಿಡಿದುಕೊಂಡೇ ಮೊದಲಿನಿಂದ ಕೊನೆಯವರೆಗೆ ನೋಡಿದರು. ಸ್ಕೂಟರನ್ನೂ ನೋಡಿದರು. ಆಮೇಲೆ ಹಾಳೆಗಳನ್ನು ಹಿಂದಕ್ಕೆ ತಿರುವಿ ನಮ್ಮ ಅಪ್ಪ-ಅಮ್ಮನ ಪುಟದಲ್ಲಿ ನಿಲ್ಲಿಸಿ, ನನ್ನ ಕಡೆ ತಿರುಗಿ, "ಎಷ್ಟು ನೀಟಾಗಿ ಮಾಡಿದ್ದೀರಾ ಮೇಡಂ! ನಿಮ್ಮ ಕಾರ್ಡ್ ಇದ್ರೆ ಕೊಡಿ, ನಮ್ಮನೇದೂ ಒಂದು ಮಾಡಿಸ್ಬೇಕು" ಎಂದರು.

ನಾನು ಶಿವಣ್ಣನ ಅಕ್ಕ ಎನ್ನಬಹುದಿತ್ತು. ಆದರೆ ಪುರಾವೆ ತೋರಿಸಿ ಎಂದಿದ್ದರೆ ಯಾವ ಪುಟ ತೆರೆಯಲಿ?

"ನಿಮ್ಮನೇಲಿ ಮದುವೆಯಾಗದೆ ಉಳಿದ ಹಿರಿಯ ಹೆಣ್ಮಕ್ಳು ಯಾರಾದ್ರೂ ಇದ್ದಾರಾ?" ಎಂದು ಕೇಳಿದೆ.

"ನಮ್ಮ ದೊಡ್ಡಮ್ಮ ಒಬ್ರಿದ್ದಾರೆ. ಯಾಕೆ?"

"ಅವರ ಕೈಲೇ ಮಾಡಿಸಿ. ಕೆಲಸ ಅಚ್ಚುಕಟ್ಟಾಗಿರುತ್ತೆ, ಒಂದು ಪುಟವೂ ಉಳಿಯುತ್ತೆ."

ನಾನು ತಮಾಷೆ ಮಾಡಿದೆನೆಂದುಕೊಂಡು ಆಕೆ ಮೈಕುಣಿಸಿ ನಕ್ಕರು. ಆ ಕುಣಿತಕ್ಕೆ ಜಿಲೇಬಿಯ ಪಾಕ ತೊಟ್ಟಿಕ್ಕಿ ಸರಿಯಾಗಿ ನಮ್ಮಪ್ಪನ ಮೀಸೆಯ ಮೇಲೆ ಬಿತ್ತು. ಇರುವೆ ಬಂದರೆ ಬರಲಿ, ವೃಕ್ಷದಲ್ಲಿರುವವರು ಯಾರಾದರೂ ಬಂದು ಒರೆಸಲಿ ಎನಿಸಿತು. ಯಾರೂ ಬರಲಿಲ್ಲ. ಸೆರಗಿನ ತುದಿಯನ್ನು ಒದ್ದೆಮಾಡಿಕೊಂಡು ಬಂದು, ಎಡದಿಂದ ಬಲಕ್ಕೆ, ನೇರವಾಗಿ ಒರೆಸಿದೆ.