ಪ್ರೋಟೀನ್ ಪಾಠಕ್ಕೊಂದು ಮೊಟ್ಟೆ

ಕಡೂರಿನ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳಿಕೊಡಲು ಶುರುಮಾಡಿ ಇಪ್ಪತ್ತು ವರ್ಷವಾಯಿತು. ಹೃದಯ, ಹೂವು, ಕಪ್ಪೆ ಎಲ್ಲ ಸುಸೂತ್ರವಾಗಿ ಮುಗಿಯುತ್ತವೆ. ಪ್ರೋಟೀನ್ ಪಾಠ ಬಂತೆಂದರೆ ಮಾತ್ರ ನನ್ನ ಮರ್ಯಾದೆ ಹೋಗಲೇಬೇಕು. ಈ ವರ್ಷ ಒಂದೇ ವಾರದಲ್ಲಿ ಮೂರು ಸಲ ಹೋಯಿತು.

ನಿರಿಗೆ

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಉದ್ದನೆಯ ಸರ. ಸರಿಯಾಗಿ ಮಡಿಚಿಕೊಂಡರೆ ಮಾತ್ರ ಜೀವಕೋಶದಲ್ಲಿ ಅದಕ್ಕೆ ಕೆಲಸ. ಆಕಾರಕ್ಕೆ ತಕ್ಕಂತೆ ಒಂದು ಅನ್ನ ಅರಗಿಸುತ್ತದೆ, ಇನ್ನೊಂದು ರಕ್ತದಲ್ಲಿ ಆಮ್ಲಜನಕ ಹೊರುತ್ತದೆ. ಇದನ್ನು ತೋರಿಸಲು ಹಳೇ ಸೀರೆಯೊಂದನ್ನು ಕ್ಲಾಸಿಗೆ ಒಯ್ದೆ.

"ಹೀಗೆ ಬಿಚ್ಚಿಕೊಂಡಿದ್ರೆ ಪ್ರಯೋಜನವಿಲ್ಲ, ನಿರಿಗೆ ಹಿಡಿದ್ರೇನೇ ಸೀರೆ" ಎನ್ನುತ್ತಾ ಹಿಡಿಯತೊಡಗಿದೆ. ಒಂದು ಹಿಡಿದರೆ ಎರಡು ಜಾರಿದವು. ಸಖರಾಯಪಟ್ಟಣದಿಂದ ಬರುವ ಹುಡುಗಿಯೊಬ್ಬಳು ಎದ್ದು ಬಂದು, "ಕೊಡಿ ಮಿಸ್ ಇಲ್ಲಿ" ಎಂದು ಅರ್ಧ ನಿಮಿಷದಲ್ಲಿ ಮುಗಿಸಿದಳು.

"ನೋಡಿ, ಕೋಶದಲ್ಲೂ ಹೀಗೆ ಮಡಿಸೋಕೆ ಸಹಾಯ ಮಾಡೋ ಬೇರೆ ಪ್ರೋಟೀನುಗಳಿರ್ತವೆ" ಎಂದು ಪಾಠ ಉಳಿಸಿಕೊಂಡೆ.

"ಮಿಸ್, ಮನೇಲಿ ನಿಮಗೆ ದಿನಾ ಯಾರು ಹಿಡ್ಕೊಡ್ತಾರೆ?"

ನಮ್ಮತ್ತೆ ಅನ್ನುವುದನ್ನು ನುಂಗಿಕೊಂಡು ಬೋರ್ಡು ಒರೆಸತೊಡಗಿದೆ.

ಮೊಟ್ಟೆ

ಬಿಸಿ ತಾಗಿದರೆ ಆ ಮಡಿಕೆ ಬಿಚ್ಚಿ ಪ್ರೋಟೀನ್ ಗಟ್ಟಿಯಾಗುತ್ತದೆ. ತೋರಿಸಲು ಮೊಟ್ಟೆಯ ಬಿಳಿಭಾಗ ಒಳ್ಳೆಯದು ಎಂದು ಪುಸ್ತಕದಲ್ಲಿತ್ತು. ನಮ್ಮದೋ, ಮೊಟ್ಟೆಯ ಹೆಸರೂ ಎತ್ತದ ಮನೆ. ಲಿಂಗಪೂಜೆಯಾಗದೆ ನೀರೂ ಕುಡಿಯದ ಅತ್ತೆಗೆ ಗೊತ್ತಾದರೆ ಅಡುಗೆಮನೆಗೆ ನಾನು ಕಾಲಿಡುವ ಹಾಗಿಲ್ಲ. ನಾವಿರುವ ತರೀಕೆರೆಯಲ್ಲಿ ಅಂಗಡಿಯವರೆಲ್ಲ ಅವರಿಗೆ ಪರಿಚಯ. ಹಾಗಾಗಿ ಕಡೂರಿನಲ್ಲಿ ಬಸ್ಸಿಳಿದು, ತಲೆ ತಗ್ಗಿಸಿ, ತಳ್ಳುಗಾಡಿಯವನ ಹತ್ತಿರ ಒಂದು ಕೊಂಡು ಕರ್ಚೀಫಿನಲ್ಲಿ ಸುತ್ತಿಕೊಂಡೆ.

ಕ್ಲಾಸಿನಲ್ಲಿ ಬೀಕರಿನ ಅಂಚಿಗೆ ಕುಟ್ಟಿದೆ. ಏನೂ ಸುರಿಯಲಿಲ್ಲ. ಇನ್ನೂ ಜೋರಾಗಿ ಕುಟ್ಟಿದೆ.

"ಮಿಸ್, ಅದು ಆಗ್ಲೇ ಬೇಯ್ಸಿರೋದು!" ಹಿಂದಿನ ಬೆಂಚು ಕೂಗಿತು.

ಹೊರಗಿಂದ ನೋಡಿದರೆ ನನಗೇನು ಗೊತ್ತು?

"ಇದು ಫಲಿತಾಂಶ ಮಕ್ಕಳೇ" ಅಂದೆ. "ಪ್ರಯೋಗ ನಾಳೆ."

ಹಿಟ್ಟಿನ ಡಬ್ಬಿ

ನಾಳೆಯದು ಮೊದಲನೇ ಪೀರಿಯಡ್. ಅಷ್ಟು ಬೇಗ ಯಾರೂ ಅಂಗಡಿ ತೆಗೆಯುವುದಿಲ್ಲ. ಸಂಜೆಯೇ ಹಸಿ ಮೊಟ್ಟೆ ಕೊಂಡು ಮನೆಗೆ ತಂದು, ಒಡೆಯದಿರಲೆಂದು ರಾಗಿಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟೆ. ನಮ್ಮ ಮನೆಯಲ್ಲಿ ದಿನಾ ಮುದ್ದೆ ಮಾಡುತ್ತಾರೆ ಎಂಬುದೇ ಮರೆತುಹೋಗಿತ್ತು.

"ಲೇ, ಬಾರೇ ಇಲ್ಲಿ!"

ಅತ್ತೆ ಸೌಟಿನಲ್ಲಿ ಮೊಟ್ಟೆ ಎತ್ತಿ, ಕೈ ಚಾಚಿ ದೂರ ಹಿಡಿದು ನಿಂತಿದ್ದರು.

"ಏನೇ ಇದು?"

"ಪ್ರೋಟೀನು, ಅತ್ತೆ."

"ತಿನ್ನಾಕಾ?"

"ಅಯ್ಯೋ, ಇಲ್ಲ! ಪಾಠಕ್ಕೆ."

ಎಲ್ಲ ಒಪ್ಪಿಸಿದೆ. ಬಿಸಿ ತಾಗಿದರೆ, ಹುಳಿ ಬಿದ್ದರೆ ಪ್ರೋಟೀನಿನ ಮಡಿಕೆ ಕೆಡುತ್ತದೆ, ಒಂದಕ್ಕೊಂದು ತೊಡರಿಕೊಂಡು ಗಟ್ಟಿಯಾಗುತ್ತದೆ, ಆಮೇಲೆ ಮೊದಲಿನಂತಾಗುವುದು ಕಷ್ಟ. ಇಷ್ಟು ಚೆನ್ನಾಗಿ ಯಾವ ಕ್ಲಾಸಿಗೂ ಹೇಳಿರಲಿಲ್ಲ.

ಅತ್ತೆ ಸೌಟು ಅಲ್ಲಾಡಿಸದೆ ಕೊನೆಯವರೆಗೂ ಕೇಳಿದರು.

"ಅಂದ್ರೆ ಹಾಲು ಒಡೆದಂಗೆ?"

"ಹೂಂ ಅತ್ತೆ, ಹೆಚ್ಚುಕಮ್ಮಿ ಹಂಗೇ. ಹಾಲಲ್ಲೂ ಪ್ರೋಟೀನ್ ಇರುತ್ತೆ."

"ಮತ್ತೆ ಅದನ್ನೇ ತಗೊಂಡೋಗಾಕೆ ಏನಾಗಿತ್ತೇ ನಿಂಗೆ? ಮದ್ವೆಯಾಗಿ ಬಂದಾಗ್ನಿಂದ ವಾರಕ್ಕೆರಡು ಸಲ ಒಡೆಸ್ತಾನೇ ಇದೀಯಲ್ಲ!"