ಮಾವನ ಕುಲುಮೆಗೆ ಅತ್ತೆಯ ಪ್ರಶ್ನೆ

ನಮ್ಮ ಸೋದರಮಾವ ಹನ್ನೊಂದು ವರ್ಷದಿಂದ ವೇಲ್ಸ್ ದೇಶದಲ್ಲಿದ್ದಾರೆ. ಊಟ, ಸ್ನಾನ, ನಿದ್ದೆ ಮಾತ್ರ ಮೈಸೂರಿನ ಶ್ರೀರಾಂಪುರದಲ್ಲಿ! ಪಾಸ್‌ಪೋರ್ಟ್ ಇಲ್ಲ, ವಿಮಾನ ಹತ್ತಿಲ್ಲ. ಅಲ್ಲಿಗೆ ಹೋಗಲು ಅವರಿಗೆ ಬೇಕಾದದ್ದು ಒಂದು ಬೆತ್ತದ ಕುರ್ಚಿ, ಅರ್ಧ ಲೋಟ ಕಾಫಿ. ಉಳಿದರ್ಧ ಆರಿ ಕೆನೆಗಟ್ಟುವ ಹೊತ್ತಿಗೆ ತಲುಪಿಬಿಟ್ಟಿರುತ್ತಾರೆ.

ಮಾವ ಎರಕದ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಕರಗಿದ ಕಬ್ಬಿಣವನ್ನು ಅಚ್ಚಿಗೆ ಹೊಯ್ದವರು. ನಿವೃತ್ತರಾದ ವರ್ಷ ಹಳೆಯ ಪುಸ್ತಕದಂಗಡಿಯಲ್ಲಿ ಅವರಿಗೊಬ್ಬ ಸಿಕ್ಕಿದ. ಇನ್ನೂರೈವತ್ತು ವರ್ಷದ ಹಿಂದೆ ವೇಲ್ಸ್‌ನ ಒಂದು ಕಣಿವೆಗೆ ಬರಿಗೈಯಲ್ಲಿ ಬಂದು, ಕುಲುಮೆ ಕಟ್ಟಿ, ಅದರ ಸುತ್ತ ಒಂದು ಊರನ್ನೇ ಎಬ್ಬಿಸಿದ ಕಬ್ಬಿಣದ ಸಾಹುಕಾರ. ಅವನ ಹೆಸರಿಗೆ ನನ್ನ ನಾಲಿಗೆ ಹೊರಳುವುದಿಲ್ಲ. ಮಾವನಿಗೆ ಅವನು "ನಮ್ಮ ಯಜಮಾನ್ರು". ಅವತ್ತಿನಿಂದ ಅವನ ಜೀವನಚರಿತ್ರೆ ಬರೆಯುತ್ತಿದ್ದಾರೆ.

ಬರೆಯದಿದ್ದಾಗ ಕಬ್ಬಿಣ ಬಡಿಯುತ್ತಾರೆ. ಗೇಟು, ದೀಪದ ಕಂಬ, ಕಿಟಕಿಯ ಸರಳು, ಯಾವುದನ್ನೂ ಬಿಡುವುದಿಲ್ಲ. ಬೆರಳ ಗೆಣ್ಣಿನಲ್ಲಿ ಕುಟ್ಟಿ, ಕಿವಿಗೊಟ್ಟು, ಜಾತಕ ಹೇಳುತ್ತಾರೆ. ಒಮ್ಮೆ ಸರಸ್ವತಿಪುರಂನ ಹೋಟೆಲೊಂದರಲ್ಲಿ ಅಡುಗೆಮನೆಗೇ ನುಗ್ಗಿ, ಮೂಲೆಗೆ ಒರಗಿಸಿದ್ದ ದೋಸೆ ಕಾವಲಿಯನ್ನು ಕುಟ್ಟಿ ನೋಡಿ, "ಎರಕ ಹೊಯ್ಯುವಾಗ ಗಾಳಿ ಸೇರ್ಕೊಂಡಿದೆ, ಒಳಗೆ ತೂತಿದೆ ಕಣ್ರೀ" ಎಂದರು. ಮಾಲೀಕ ಕೈ ಮುಗಿದ: "ಸಾರ್, ದೋಸೇಲಿ ತೂತಿಲ್ದೆ ಇದ್ರೆ ಹೇಳಿ. ಕಾವಲೀದು ನಾನ್ ನೋಡ್ಕೋತೀನಿ."

ಇನ್ನೊಮ್ಮೆ ಆಟೋ ಹತ್ತಿ, ಕಣ್ಣು ಅರೆಮುಚ್ಚಿ, "ಕುಲುಮೆ ಹತ್ರ ನಿಲ್ಸಪ್ಪ" ಎಂದರಂತೆ. ಚಾಲಕ ತಿರುಗಿಯೂ ನೋಡಲಿಲ್ಲ. "ಎಷ್ಟನೇ ಕ್ರಾಸು ಸಾರ್?"

ನಗಬೇಡಿ. ಒಂದು ಬೆಳಗ್ಗೆ ಅವರ ಮನೆಯ ಮಹಡಿಯ ಮೇಲೆ ನಿಂತಿದ್ದೆವು. ಚಾಮುಂಡಿ ಬೆಟ್ಟಕ್ಕೆ ಮಂಜು ಕವಿದಿತ್ತು. "ನೋಡೋ, ಕುಲುಮೆ ಹೊತ್ತಿಸಿದ್ದಾರೆ" ಎಂದರು ಮೆಲ್ಲಗೆ. ಅದು ಮಂಜು ಎಂದು ನನಗೆ ಗೊತ್ತು. ಆದರೆ ಕಂಡದ್ದನ್ನು ಕಂಡ ಹಾಗೆ ಹೇಳಬೇಕಲ್ಲ? ಮಂಜು ಹೊಗೆಯ ಹಾಗೇ ಸುರುಳಿಯಾಗಿ ಏಳುತ್ತಿತ್ತು. ಅದರ ಅಡಿಯಲ್ಲಿ ಒಂದು ಗೆರೆ ಕೆಂಪಿತ್ತು. ಒಂದು ಕ್ಷಣ ನನಗೂ ದೂರದಲ್ಲಿ ಸುತ್ತಿಗೆಯ ಸದ್ದು ಕೇಳಿತು!

ಪತ್ರಿಕೆಯಲ್ಲಿ ಸುದ್ದಿ ತಿದ್ದುವುದು ನನ್ನ ಕೆಲಸ. ಹಾಗಾಗಿ ಹಸ್ತಪ್ರತಿ ನನ್ನ ಕೈಗೇ ಬಂತು. ನಾನು ಪುಟಪುಟಕ್ಕೂ ಕೆಂಪು ಶಾಯಿಯಲ್ಲಿ "ಆಧಾರ?" ಎಂದು ಬರೆಯುತ್ತಿದ್ದೆ. ಆಧಾರವಿಲ್ಲದ ಸಾಲಿಗೆ ಅಡ್ಡಗೆರೆ. ಮಾವ ಮರುಮಾತಾಡದೆ ಒಪ್ಪುತ್ತಿದ್ದರು. ಯಜಮಾನ್ರ ಬಗ್ಗೆ ಒಂದು ಸುಳ್ಳೂ ಅಚ್ಚಾಗಬಾರದೆಂಬುದು ಅವರದೇ ಪಣ. ಜಗಳವಾದದ್ದು ಒಮ್ಮೆ ಮಾತ್ರ.

"ಅಂದು ಮಳೆ ಸುರಿಯುತ್ತಿತ್ತು ಅಂದಿದ್ದೀರಿ. ಆಧಾರ ಎಲ್ಲಿ ಮಾವ?"

"ವೇಲ್ಸ್ ಕಣೋ ಅದು! ಮಳೆ ಬರ್ಲಿಲ್ಲ ಅಂತ ಬರೆದಿದ್ರೆ ಆಧಾರ ಕೇಳು!"

ಪುಸ್ತಕ ಮುಗಿಯುತ್ತ ಬಂದಿತ್ತು. ಆಗ, ಇಷ್ಟು ವರ್ಷ ಒಂದು ಮಾತೂ ಕೇಳದಿದ್ದ ಅತ್ತೆ, ಅವರೆಕಾಯಿ ಸುಲಿಯುತ್ತ ಕೇಳಿಬಿಟ್ಟರು: "ಅಲ್ಲಾ ರೀ, ಆ ಪುಣ್ಯಾತ್ಮ ಮನೆಗೆ ಊಟಕ್ಕೆ ಬರ್ತಿದ್ನಾ?"

ಮಾವನ ಲೇಖನಿ ನಿಂತಿತು. ಇದ್ದ ಪುಸ್ತಕಗಳನ್ನೆಲ್ಲ ತಿರುವಿದರು. ಗ್ರಂಥಾಲಯಕ್ಕೆ ಅಲೆದರು. ಎಷ್ಟು ಕುಲುಮೆ ಕಟ್ಟಿದ, ಎಷ್ಟು ಫಿರಂಗಿ ಎರಕ ಹೊಯ್ದ, ಯಾರ ಜೊತೆ ವ್ಯಾಜ್ಯ, ಎಲ್ಲ ಇತ್ತು. ಹೆಂಡತಿಯ ಬಗ್ಗೆ ಇದ್ದದ್ದು ಒಂದೇ ಸಾಲು: ಆತನಿಗೆ ಮದುವೆಯಾಗಿತ್ತು!

"ಅದನ್ನ ಬಿಟ್ಟು ಮುಗಿಸಿಬುಡಿ ಮಾವ" ಎಂದೆ.

"ಅದಿಲ್ದೆ ಹೆಂಗೋ ಮುಗೀತದೆ? ಅವ್ಳು ಕೇಳಿದ್ದಾಳೆ."

"ನಾನ್ ಯಾಕೆ ಕೇಳ್ದೆ ಅಂತ ಅವ್ರಿಗೆ ಗೊತ್ತು ಕಣಪ್ಪಾ" ಎಂದರು ಅತ್ತೆ, ಅವತ್ತೂ ಸುಲಿಯುತ್ತಿದ್ದ ಅವರೆಕಾಯಿಯಿಂದ ಕಣ್ಣೆತ್ತದೆ. "ನಮ್ಮ ಮಗಳಿಗೆ ಹೆಸರಿಟ್ಟ ದಿನ ಮನೆ ತುಂಬ ಜನ. ಇವ್ರಿಲ್ಲ. ಕೇಳಿದ್ರೆ, ಕಬ್ಬಿಣ ಕರಗಿತ್ತು, ಬಿಟ್ಟು ಬರೋಕಾಗ್ಲಿಲ್ಲ! ನಾನೇನು ಬೈದೆನಾ? ಕರಗಿದ ಕಬ್ಬಿಣ ಯಾರಿಗೂ ಕಾಯಲ್ಲ. ಕಾಯೋರು ಬೇರೆ."

ಮಾವ ಹಸ್ತಪ್ರತಿ ಎತ್ತಿಟ್ಟರು. ಕಾಫಿ ಪೂರ್ತಿ ಆರಿತು. ಆವತ್ತು ಅವರು ವೇಲ್ಸ್‌ಗೂ ಹೋಗಿರಲಿಲ್ಲವೆಂದು ಕಾಣುತ್ತದೆ.

ಕಳೆದ ಭಾನುವಾರ ಕರೆಸಿ ಕೊನೆಯ ಅಧ್ಯಾಯ ಕೊಟ್ಟರು. ಎಲ್ಲ ಸರಿಯಿತ್ತು, ಕೊನೆಯ ಎರಡು ಸಾಲಿನವರೆಗೆ.

"ಕಬ್ಬಿಣ ಕರಗಿದ ದಿನಗಳಲ್ಲಿ ಯಜಮಾನರು ಊಟಕ್ಕೆ ಬರುತ್ತಿರಲಿಲ್ಲ. ಆಕೆ ಮುದ್ದೆ, ಉಪ್ಸಾರು ಮುಚ್ಚಿಟ್ಟು, ಹಸಿದುಕೊಂಡೇ ಬಾಗಿಲಲ್ಲಿ ಕೂತಿರುತ್ತಿದ್ದಳು."

ವೇಲ್ಸ್‌ನಲ್ಲಿ ಮುದ್ದೆ! ನನ್ನ ಕೆಂಪು ಪೆನ್ನು ತಾನಾಗಿ ಮೇಲೆದ್ದಿತು. ಬಾಯಿ ಅಭ್ಯಾಸಬಲದಿಂದ ಕೇಳಿತು: "ಆಧಾರ?"

ಮಾವ ಅಡುಗೆಮನೆಯ ಕಡೆ ನೋಡಿದರು. ಅಷ್ಟೇ.

ಅದೇ ಹೊತ್ತಿಗೆ ಒಳಗಿನಿಂದ ಅತ್ತೆ, "ಊಟಕ್ಕೆ ಬನ್ರೀ" ಎಂದರು. ಮೂರು ಸಲ ಕರೆಯದೆ ಏಳದ ಮನುಷ್ಯ ಮೊದಲ ಕೂಗಿಗೇ ಎದ್ದು, ಕೈ ತೊಳೆದು, ಎಲ್ಲರಿಗಿಂತ ಮೊದಲು ಹೋಗಿ ಕೂತರು. "ನೀನೂ ಹಾಕ್ಕೊಂಡು ಕೂತ್ಕೊ" ಎಂದು ಅತ್ತೆಗೆ ಹೇಳುವುದು ಕೇಳಿಸಿತು.

ನಾನು ಪೆನ್ನಿಗೆ ಮುಚ್ಚಳ ಹಾಕಿದೆ. ಆ ಎರಡು ಸಾಲು ಹಾಗೇ ಅಚ್ಚಾಗುತ್ತವೆ.