ಹೊಸ್ತಿಲ ಆಚೆಯ ಡಬ್ಬಿ

ಪ್ರವಾಸಿ ತಂಡಗಳನ್ನು ಕಟ್ಟಿಕೊಂಡು ಇಪ್ಪತ್ತು ವರ್ಷ ದೇಶ ದೇಶ ತಿರುಗಿದವಳು ನಾನು. ಎಲ್ಲೂ ಸೋಲಲಿಲ್ಲ. ಧಾರವಾಡದ ನಮ್ಮ ಹಿತ್ತಲಲ್ಲಿ ಮಾತ್ರ ವಾರಕ್ಕೊಮ್ಮೆಯಾದರೂ ಸೋಲುತ್ತೇನೆ.

ಸಂಡಿಗೆಯ ದಿನ

ಬೀದಿಯಿಂದ ನನ್ನ ಹಿಂದೆಯೇ ಬಂದು ಮನೆ ಸೇರಿದ ನಾಯಿಗೆ, ಬಾಲದ ಸುರುಳಿ ನೋಡಿ ಚಕ್ಲಿ ಎಂದು ಹೆಸರಿಟ್ಟೆ. ಅತ್ತೆ ಹೆಸರಿಗೆ ತಕರಾರು ಮಾಡಲಿಲ್ಲ. ತಕರಾರು ಬಂದದ್ದು ಅದರ ತಿಂಡಿಯ ಚೀಲದ ಮೇಲಿದ್ದ ಕೋಳಿಯ ಚಿತ್ರಕ್ಕೆ.

"ನಾಯಿ ಒಳಗ ಬರ್ಲಿ. ಕೋಳಿ ಹೊಸ್ತಲಾ ದಾಟಂಗಿಲ್ಲ" ಎಂದರು.

ಹಾಗಾಗಿ ತಿಂಡಿಯ ಪ್ಲಾಸ್ಟಿಕ್ ಡಬ್ಬಿ ಹಿತ್ತಲಿಗೆ ಹೋಯಿತು. ಮೂರನೆಯ ದಿನವೇ ಮಂಗಗಳು ಬಂದು ಮುಚ್ಚಳ ತೆಗೆದು, ರುಚಿ ನೋಡಿ, ಸೇರದ್ದನ್ನೆಲ್ಲ ಅತ್ತೆ ಒಣಹಾಕಿದ್ದ ಸಂಡಿಗೆಯ ಮೇಲೆ ಎರಚಿ ಹೋದವು. ಅತ್ತೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತರು.

"ಇನ್ನೊಂದು ಸರ್ತಿ ಹಿಂಗಾದ್ರ ಚಕ್ಲಿ ಉಪ್ಪಿನಬೆಟಗೇರಿಗೆ. ಹಾಲಿನಾಂವ ಅಲ್ಲಿ ತನ್ನ ಹೊಲ ಕಾಯಾಕ ನಾಯಿ ಬೇಕಂತ ಕೇಳ್ಯಾನ."

"ಇನ್ನ ಹಿಂಗ ಆಗಂಗಿಲ್ಲ ಬಿಡ್ರಿ, ಅತ್ತಿ" ಎಂದೆ.

"ಆಮ್ಯಾಲ ನೋಡೋಣು. ಈಗ ಕೂಡು. ಇದರಾಗ ಯಾವ್ದು ಸಂಡಿಗಿ, ಯಾವ್ದು ಕೋಳಿ, ಆರ್ಸು."

ಮಾಸ್ತರರ ಉಪಾಯ

ಮುಚ್ಚಳದ ಮೇಲೆ ರುಬ್ಬುವ ಕಲ್ಲು ಹೇರಿದೆ. ಮಂಗಗಳು ಸೋತವು. ಆದರೆ ಡಬ್ಬಿಯ ತಳದಲ್ಲಿ ಯಾವುದೋ ಹೆಗ್ಗಣ ಕೊರೆದ ತೂತು ಹಿಡಿದು ಒಂದು ಮುಂಗುಸಿ ಬರತೊಡಗಿತು. ಪಕ್ಕದ ಮನೆಯ ನಿವೃತ್ತ ಮಾಸ್ತರರು ಕಂಪೌಂಡಿನ ಮೇಲಿಂದಲೇ ಪಾಠ ಮಾಡಿದರು: "ಸುತ್ತ ಖಾರಪುಡಿ ಹಾಕ್ರಿ. ಮೂಸಿ ನೋಡಿದ್ರ ಮುಗೀತು, ಈ ಕಡೆ ತಲಿ ಹಾಕಂಗಿಲ್ಲ."

ಮನೆಯಲ್ಲಿದ್ದದ್ದು ಬ್ಯಾಡಗಿ ಮೆಣಸಿನಕಾಯಿಯ ಪುಡಿ. ಅದೇನಿದ್ದರೂ ಬಣ್ಣಕ್ಕೆ, ಖಾರಕ್ಕಲ್ಲ. ಹುಟ್ಟಿದಾಗಿನಿಂದ ಅದರದೇ ಸಾರು ಉಂಡವಳಿಗೆ ಆ ಹೊತ್ತಿಗೆ ಹೊಳೆಯಲಿಲ್ಲ. ಮುಂಗುಸಿ ಪುಡಿ ತುಳಿದು, ಹೊಟ್ಟೆ ತುಂಬ ತಿಂದು, ಆಗಷ್ಟೇ ತೊಳೆದ ಕಲ್ಲುಹಾಸಿನ ಮೇಲೆ ತುಳಸಿಕಟ್ಟೆಯವರೆಗೂ ಕೆಂಪು ಹೆಜ್ಜೆ ಬಿಡಿಸಿ ಹೋಯಿತು.

ಅತ್ತೆ ಬರುವುದಕ್ಕೂ ಮಾಸ್ತರರು ಇಣುಕುವುದಕ್ಕೂ ಸರಿಹೋಯಿತು. ನನ್ನನ್ನು ಉಳಿಸಲೆಂದು ಅವರು ಭಕ್ತಿಯಿಂದ ಕೈ ಮುಗಿದರು. "ನೋಡ್ರಿ ಅಮ್ಮಾರ, ಲಕ್ಷ್ಮೀ ಹೆಜ್ಜಿ ಮೂಡ್ಯಾವ."

ಅತ್ತೆ ಬಗ್ಗಿ ನೋಡಿದರು. "ಹೌದಲ್ರೀ ಮಾಸ್ತರ. ಲಕ್ಷ್ಮಿಗೆ ನಾಲ್ಕು ಕಾಲು ಯಾವಾಗ ಬಂದ್ವು?"

ತಿಜೋರಿ

ಹೆಜ್ಜೆ ಮುಂಗುಸಿಯದೆಂದು ತಿಳಿದ ಮೇಲೆ ಅತ್ತೆ ಯಾಕೋ ಬೈಯಲಿಲ್ಲ. ಆದರೆ ಉಪ್ಪಿನಬೆಟಗೇರಿಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

ಆಫ್ರಿಕಾದ ಕಾಡಿನ ಬಿಡಾರಗಳಲ್ಲಿ ಕಬ್ಬಿಣದ ಪೆಟ್ಟಿಗೆಯಲ್ಲಿ ಊಟ ಇಟ್ಟು ಕೋತಿಗಳನ್ನು ಸೋಲಿಸಿದ್ದನ್ನು ನೋಡಿದ್ದೆ. ಹುಬ್ಬಳ್ಳಿಗೆ ಹೋಗಿ, ದೇಶಪಾಂಡೆ ನಗರದಲ್ಲೆಲ್ಲ ಹುಡುಕಿ, ಅಂಥದೇ ಒಂದು ಪೆಟ್ಟಿಗೆ ತಂದೆ. ಮಂಗಗಳು ಎಳೆದವು, ಬಡಿದವು, ಬಿಟ್ಟವು. ಬಿಸಿಲೇರಿ ಕೊಂಡಿ ಬಿಗಿದುಕೊಂಡಾಗ ನನಗೂ ತೆರೆಯಲಾಗಲಿಲ್ಲ. ಚಕ್ಲಿ ಹಸಿದು ಕುಂಯ್‌ಗುಡುತ್ತಿತ್ತು. ನಾನು ಕಲ್ಲು ತಗೊಂಡು ಕೊಂಡಿ ಕುಟ್ಟತೊಡಗಿದೆ. ಐದಾರು ಮಂಗಗಳು ಗೋಡೆಯ ಮೇಲೆ ಸಾಲಾಗಿ ಕುಳಿತು ನೋಡಿದವು.

ಒಳಗಿಂದ ಅತ್ತೆಯ ದನಿ ಬಂತು: "ಅವು ತೆಗಿವಾಗ ಇಷ್ಟು ಗದ್ದಲಾ ಮಾಡಿದ್ದಿಲ್ಲ ನೋಡು."

ಇಕ್ಕಳ

ಕೊಂಡಿಗೆ ಎಣ್ಣೆ ಬಿಟ್ಟ ಮೇಲೆ ಎಲ್ಲ ಸರಿಹೋಯಿತು ಅಂದುಕೊಂಡೆ. ಆದರೂ ಪೆಟ್ಟಿಗೆಯೊಳಗಿನ ತಿಂಡಿ ಕಡಿಮೆಯಾಗುತ್ತಲೇ ಇತ್ತು. ಕೊಂಡಿ ಹಾಕಿದ್ದು ಹಾಕಿದಂತೆಯೇ ಇರುತ್ತಿತ್ತು, ತುಳಸಿಕಟ್ಟೆಯ ಹತ್ತಿರ ಮಾತ್ರ ಚೂರು ಬಿದ್ದಿರುತ್ತಿದ್ದವು. ಅತ್ತೆಯ ಕಣ್ಣಿಗೆ ಬಿದ್ದರೆ ಚಕ್ಲಿಯ ಕಥೆ ಮುಗಿಯಿತೆಂದು ದಿನಾ ಗುಟ್ಟಾಗಿ ಗುಡಿಸುತ್ತಿದ್ದೆ.

ಒಂದು ಭಾನುವಾರ ಬೆಳಕು ಹರಿಯುತ್ತಲೇ ಕಸಬರಿಗೆ ಹಿಡಿದು ಹಿತ್ತಲಿಗೆ ಬಂದೆ. ಅತ್ತೆ ಸ್ನಾನ ಮುಗಿಸಿ, ಮಡಿಸೀರೆಯಲ್ಲಿ ಪೆಟ್ಟಿಗೆಯ ಮುಂದೆ ಬಗ್ಗಿದ್ದರು. ಕೈಯಲ್ಲಿ ಇಕ್ಕಳ. ಕೈ ಸೋಂಕದಂತೆ ನಾಯಿತಿಂಡಿಯ ಒಂದೊಂದೇ ಕಾಳು ಹಿಡಿದೆತ್ತಿ ತುಳಸಿಕಟ್ಟೆಯ ಮುಂದೆ ಇಡುತ್ತಿದ್ದರು. ಮುಂಗುಸಿ ನೆಂಟರ ಹಾಗೆ ಕುಳಿತು ತಿನ್ನುತ್ತಿತ್ತು.

"ಅತ್ತಿ, ಅದು ಕೋಳಿರೀ" ಎಂದೆ.

ಅವರು ಬೆಚ್ಚಲೂ ಇಲ್ಲ. "ಮುಂಜಾನೆದ್ದು ಮುಂಗಸಿ ನೋಡೋದು ಭಾಳ ಛಲೋ ಶಕುನ. ಕೋಳಿ ನಾ ಎಲ್ಲಿ ಮುಟ್ಟೇನಿ? ಇಕ್ಕಳ ಮುಟ್ಟೇದ. ಅದೂ ಹೊರಗ ಇರ್ತದ."

ಅಷ್ಟರಲ್ಲಿ ಹಾಲಿನವನು ಕ್ಯಾನಿನ ಜೊತೆ ಒಂದು ಹಗ್ಗವನ್ನೂ ಹಿಡಿದು ಬಂದ. "ಅವ್ವಾರ, ನಾಯಿ ಒಯ್ಲಿ ಏನ್ರಿ? ಹೋದ ತಿಂಗಳ ಹೇಳಿದ್ರಿ."

ಅತ್ತೆ ನನ್ನ ಕಡೆ ನೋಡಲಿಲ್ಲ.

"ಹೋದ ತಿಂಗಳ ಮಾತು ಹೋದ ತಿಂಗಳಿಗೆ ಮುಗೀತು. ಹಾಲು ಹಾಕಿ ಹೋಗಪ್ಪಾ."

ಅವನು ಹೋದ ಮೇಲೆ ನನಗೆ ಕಣ್ಣು ತುಂಬಿ ಬಂತು. "ಅತ್ತಿ, ನಿಮಗೂ ಚಕ್ಲಿ ಮ್ಯಾಲೆ ಇಷ್ಟು ಜೀವಾ ಅಂತ ನನಗ ಗೊತ್ತಽ ಇದ್ದಿಲ್ಲ."

ಅತ್ತೆ ಇಕ್ಕಳವನ್ನು ಮೊಳೆಗೆ ತೂಗುಹಾಕಿದರು.

"ನಾಯಿ ಹೋದ್ರ ನೀ ಡಬ್ಬಿ ತುಂಬ್ಸೋದು ಬಿಡ್ತಿ. ಆಮ್ಯಾಲ ಮುಂಗಸಿ ಏನು ನಿನ್ನ ಮಾರಿ ನೋಡಾಕ ಬರ್ತದೇನು?"